ಹರಿಯುವ ದನಿಯ ವಿಳಾಸ

ಇಂಟರ್‌ನೆಟ್‌ನಲ್ಲಿ ಬರುವ ಪ್ರತಿಯೊಂದು ನೇರ ಪ್ರಸಾರಕ್ಕೂ ಒಂದು ವಿಳಾಸವಿರುತ್ತದೆ. ಬಾನುಲಿಯಾಗಲಿ, ಊರ ರಥೋತ್ಸವದ ವಿಡಿಯೊ ಆಗಲಿ, ಅಂಗಡಿಯ ಸಿಸಿಟಿವಿ ಕ್ಯಾಮೆರಾ ಆಗಲಿ, ದನಿ ಅಥವಾ ಚಿತ್ರ ಹೊರಡುವ ಸರ್ವರಿನ ಹೆಸರು, ಅದರೊಳಗಿನ ದಾರಿ, ಕೆಲವೊಮ್ಮೆ ಒಂದು ಪೋರ್ಟ್ ಸಂಖ್ಯೆ ಇವಿಷ್ಟು ಸೇರಿದ ಒಂದು ಸಾಲು ಅದು. ಜಾಲತಾಣದ ಪುಟದ ವಿಳಾಸವೇ ಬೇರೆ, ಸ್ಟ್ರೀಮಿನ ವಿಳಾಸವೇ ಬೇರೆ. ಪುಟದಲ್ಲಿ ಲಾಂಛನ, ಜಾಹೀರಾತು, ಪ್ಲೇ ಗುಂಡಿ ಇರುತ್ತವೆ; ಗುಂಡಿ ಒತ್ತಿದ ಮೇಲೆ ಪುಟದ ಹಿಂದಿರುವ ಪ್ರೋಗ್ರಾಂ ಎಲ್ಲಿಗೆ ಹೋಗಿ ದನಿಯನ್ನು ತರುತ್ತದೋ ಅದು ಸ್ಟ್ರೀಮಿನ ವಿಳಾಸ. ಪರದೆಯ ಮೇಲೆ ಅದು ಎಲ್ಲೂ ಕಾಣುವುದಿಲ್ಲ. ಆದರೆ ಕಂಪ್ಯೂಟರಿಗೆ ಮಾತ್ರ ಅದು ಗೊತ್ತಿರಲೇಬೇಕು, ಇಲ್ಲದಿದ್ದರೆ ದನಿ ಬರುವಂತೆಯೇ ಇಲ್ಲ. ಕಂಪ್ಯೂಟರು ಹೊರಗೆ ಕಳಿಸುವ ಬೇಡಿಕೆಗಳನ್ನೂ ಹೊರಗಿನಿಂದ ಬರುವ ಉತ್ತರಗಳನ್ನೂ ಗಮನಿಸುತ್ತ ಕುಳಿತವರಿಗೆ ಆ ಸಾಲು ಒಂದಲ್ಲ ಒಂದು ಕಡೆ ಕಣ್ಣಿಗೆ ಬೀಳುತ್ತದೆ. ಈ ಕೆಲಸಕ್ಕೆ ಜಾಲದ ಸಂಚಾರವನ್ನು ಗಮನಿಸುವುದು ಎಂದು ಹೆಸರು.

ರೇಡಿಯೊ ಗಾಳಿಯಲ್ಲಷ್ಟೇ ಬರುತ್ತಿದ್ದ ಕಾಲದಲ್ಲಿ ವಿಳಾಸ ಎಲ್ಲರ ಸ್ವತ್ತಾಗಿತ್ತು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಆ ಕೇಂದ್ರದಿಂದ. ಮುಂದೆ ಬೆಂಗಳೂರು ಎಂದರೆ 612 ಕಿಲೋಹರ್ಟ್ಸ್, ಧಾರವಾಡ ಎಂದರೆ 765 ಕಿಲೋಹರ್ಟ್ಸ್. ಮುಳ್ಳನ್ನು ಅಲ್ಲಿಗೆ ತಿರುಗಿಸಿದರೆ ಯಾವ ಕಂಪನಿಯ ಪೆಟ್ಟಿಗೆಯಾದರೂ ಮಾತಾಡುತ್ತಿತ್ತು. ಕೇಂದ್ರದವರೇ ದಿನಕ್ಕೆ ಹಲವು ಸಲ ತಮ್ಮ ಕಂಪನಾಂಕವನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಇಂಟರ್‌ನೆಟ್ ಬಂದ ಮೇಲೆ ದೂರ ಅಳಿಯಿತು. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಆಕಾಶವಾಣಿಯ 200ಕ್ಕೂ ಹೆಚ್ಚು ಸ್ಟ್ರೀಮುಗಳಿವೆ. ಧಾರವಾಡ ಕೇಂದ್ರದ ವಚನ ಗಾಯನ ದುಬೈನಲ್ಲೂ ನ್ಯೂಜೆರ್ಸಿಯಲ್ಲೂ ಬೆಳಗಿನ ಕಾಫಿಯ ಹೊತ್ತಿಗೆ ಕೇಳುವಂತಾಗಿದೆ. ಆದರೆ ಹೊಸ ಪ್ರಸಾರದ ಕಂಪನಾಂಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಆ್ಯಪ್ ಹಾಕಿಕೊಳ್ಳಿ, ಈ ಪುಟ ತೆರೆಯಿರಿ ಎನ್ನುತ್ತಾರೆ, ಅಷ್ಟೆ.

ವಿಳಾಸ ಕೈಯಲ್ಲಿಲ್ಲದ ಕೇಳುಗರಿಗೆ ಏನಾಗುತ್ತದೆ ಎಂಬುದನ್ನು ಎರಡು ಪ್ರಸಂಗಗಳು ತೋರಿಸಿವೆ. 2015ರ ಆರಂಭದಲ್ಲಿ ಬಿಬಿಸಿ ತನ್ನ ರೇಡಿಯೊ ಸ್ಟ್ರೀಮುಗಳ ಹಳೆಯ ವಿಂಡೋಸ್ ಮೀಡಿಯಾ ರೂಪವನ್ನು ನಿಲ್ಲಿಸಿ ಹೊಸ ವ್ಯವಸ್ಥೆಗೆ ಹೋಯಿತು. ಅದನ್ನೇ ನಂಬಿದ್ದ ಅನೇಕ ಇಂಟರ್‌ನೆಟ್ ರೇಡಿಯೊ ಪೆಟ್ಟಿಗೆಗಳು ಮೂಕವಾದವು. 2021ರಲ್ಲಿ ರೆಸಿವಾ ಎಂಬ ನಿಲ್ದಾಣಪಟ್ಟಿಯ ಸೇವೆ ಮುಚ್ಚಿತು. ಹಲವು ಕಂಪನಿಗಳ ರೇಡಿಯೊಗಳು ಕೇಂದ್ರಗಳ ವಿಳಾಸಗಳನ್ನು ಆ ಒಂದು ಸೇವೆಯಿಂದಲೇ ಪಡೆಯುತ್ತಿದ್ದವು. ಕೇಂದ್ರಗಳು ಹಾಡುತ್ತಲೇ ಇದ್ದವು, ಪೆಟ್ಟಿಗೆಗಳೂ ಸುಸ್ಥಿತಿಯಲ್ಲಿದ್ದವು. ನಡುವೆ ದಾರಿ ಹೇಳುವವನೇ ಇಲ್ಲವಾದ. ಮನೆಯ ಹಿರಿಯರಿಗೆ ಮೂರೇ ಗುಂಡಿಯ ಪೆಟ್ಟಿಗೆ ಸಾಕು, ಮೊಬೈಲಿನ ಆ್ಯಪ್ ಬೇಡ. ಕಣ್ಣು ಕಾಣದವರಿಗೆ ಜಾಹೀರಾತು ತುಂಬಿದ ಪುಟದಲ್ಲಿ ಪ್ಲೇ ಗುಂಡಿಯನ್ನು ಹುಡುಕುವುದೇ ಸಾಹಸ. ಇಂಥವರ ಮಟ್ಟಿಗೆ ಸ್ಟ್ರೀಮಿನ ನೇರ ವಿಳಾಸ ದೊಡ್ಡ ಅನುಕೂಲ. ಪ್ರಸಾರ ಸಂಸ್ಥೆಗಳು ಅದನ್ನು ತಾವಾಗಿ ಪ್ರಕಟಿಸಬೇಕಿತ್ತು, ಪ್ರಕಟಿಸದಿದ್ದಾಗ ಹುಡುಕಿಕೊಳ್ಳಬೇಕಾಗುತ್ತದೆ.

ವಿಳಾಸ ಒಳಗೆ ಸರಿದ ಬಗೆ

ಆರಂಭದಲ್ಲಿ ಹುಡುಕಾಟದ ಅಗತ್ಯವೇ ಇರಲಿಲ್ಲ. ಸಿಯಾಟಲ್‌ನ ಪ್ರೋಗ್ರೆಸಿವ್ ನೆಟ್‌ವರ್ಕ್ಸ್ ಕಂಪನಿ 1995ರಲ್ಲಿ ರಿಯಲ್‌ಆಡಿಯೊ ತಂದಾಗ, ಪುಟದ ಕೊಂಡಿ ಒತ್ತಿದರೆ 'ರ್‍ಯಾಮ್' ಎಂಬ ಬಾಲದ ಒಂದು ಪುಟ್ಟ ಕಡತ ಇಳಿಯುತ್ತಿತ್ತು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗಿದ್ದದ್ದು ಒಂದೇ ಸಾಲು: ಸ್ಟ್ರೀಮಿನ ವಿಳಾಸ. ವಿನ್‌ಆ್ಯಂಪ್ ಖ್ಯಾತಿಯ ನಲ್‌ಸಾಫ್ಟ್ ಕಂಪನಿ 1990ರ ದಶಕದ ಕೊನೆಗೆ ಶೌಟ್‌ಕಾಸ್ಟ್ ಹೊರತಂದು, ಯಾರು ಬೇಕಾದರೂ ಮನೆಯ ಕಂಪ್ಯೂಟರಿನಿಂದ ಬಾನುಲಿ ನಡೆಸುವಂತೆ ಮಾಡಿತು. ಅದರ ಕೇಂದ್ರಗಳು 'ಪಿಎಲ್‌ಎಸ್' ಅಥವಾ 'ಎಂ3ಯು' ಕಡತಗಳನ್ನು ಕೊಡುತ್ತಿದ್ದವು. ಪಿಎಲ್‌ಎಸ್ ಕಡತದಲ್ಲಿ ವಿಳಾಸ, ಕೇಂದ್ರದ ಹೆಸರು, ಅವಧಿ ಹೀಗೆ ಮೂರು ಮುಖ್ಯ ಸಾಲುಗಳು. ಹಾಡಾದರೆ ಅವಧಿಯ ಜಾಗದಲ್ಲಿ ಸೆಕೆಂಡುಗಳ ಲೆಕ್ಕ, ನೇರ ಪ್ರಸಾರವಾದರೆ -1. ಮುಗಿಯುವ ಹೊತ್ತು ಗೊತ್ತಿಲ್ಲದ್ದನ್ನು ಹೀಗೆ ಬರೆಯುವ ರೂಢಿ ಇಂದಿಗೂ ಉಳಿದಿದೆ.

ವಿಳಾಸ ಮರೆಗೆ ಸರಿದದ್ದು, ಬ್ರೌಸರಿನೊಳಗೇ ದನಿ, ಚಿತ್ರ ಓಡಿಸುವ ಫ್ಲ್ಯಾಶ್ ಎಂಬ ತಂತ್ರಾಂಶ ಬಂದ ಮೇಲೆ. ಆರ್‌ಟಿಎಂಪಿ ಎಂಬ ಪದ್ಧತಿಯಲ್ಲಿ, 1935ನೇ ಪೋರ್ಟಿನಲ್ಲಿ ಓಡುತ್ತಿದ್ದ ಆ ಸ್ಟ್ರೀಮುಗಳ ವಿಳಾಸ ಪುಟದಲ್ಲಿ ಇರುತ್ತಿರಲಿಲ್ಲ; ಯಂತ್ರಭಾಷೆಗೆ ಇಳಿಸಿದ ಪ್ಲೇಯರಿನ ಹೊಟ್ಟೆಯೊಳಗೆ ಕೂತಿರುತ್ತಿತ್ತು. ಪುಟದ ಮೂಲವನ್ನು ಎಷ್ಟು ಸಲ ಓದಿದರೂ ಏನೂ ಸಿಗುತ್ತಿರಲಿಲ್ಲ. ಪುಟವನ್ನು ಬಿಟ್ಟು ತಂತಿಯನ್ನು ನೋಡುವ ಅಭ್ಯಾಸ ಕೇಳುಗರಲ್ಲಿ ಬೆಳೆದದ್ದಕ್ಕೆ ಇದು ಮುಖ್ಯ ಕಾರಣ. ಐಫೋನಿನಲ್ಲಿ ಫ್ಲ್ಯಾಶ್‌ಗೆ ಜಾಗವಿರಲಿಲ್ಲ. ಆ್ಯಪಲ್ 2009ರಲ್ಲಿ ಎಚ್‌ಎಲ್‌ಎಸ್ ಎಂಬ ತನ್ನದೇ ಪದ್ಧತಿಯನ್ನು ತಂದಿತು. 2012ರಲ್ಲಿ ಡ್ಯಾಶ್ ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಕತೆ ಮುಗಿಯಿತು. ಇಂದಿನ ನೇರ ಪ್ರಸಾರದಲ್ಲಿ ಬಹುಪಾಲು ಎಚ್‌ಎಲ್‌ಎಸ್, ಡ್ಯಾಶ್ ಮತ್ತು ಶೌಟ್‌ಕಾಸ್ಟ್ ವಂಶದ ಸಾದಾ ಸ್ಟ್ರೀಮುಗಳು ಈ ಮೂರರಲ್ಲಿ ಒಂದು.

ಈಗಿನ ಪುಟದಲ್ಲಿ ಎಡವುವ ಕಡೆ ಒಂದಿದೆ. ವಿಡಿಯೊ ಇರುವ ಜಾಗದ ಮೂಲವನ್ನು ನೋಡಿದರೆ 'ಬ್ಲಾಬ್' ಎಂದು ಆರಂಭವಾಗುವ ಉದ್ದನೆಯ ಸಾಲು ಕಾಣುತ್ತದೆ. ಅದನ್ನೇ ವಿಳಾಸವೆಂದು ನಕಲು ಮಾಡಿಕೊಂಡು ಬೇರೆ ಕಡೆ ಅಂಟಿಸಿ, ಕೆಲಸ ಮಾಡುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವವರು ಬಹಳ. ಅದು ಆ ಬ್ರೌಸರಿನ ಆ ಕ್ಷಣದ ನೆನಪಿನ ಒಂದು ಮೂಲೆಯ ಹೆಸರು, ಅಷ್ಟೆ. ಪುಟ ಮುಚ್ಚಿದೊಡನೆ ಅದಕ್ಕೆ ಅರ್ಥವಿಲ್ಲ. ಪುಟದ ಪ್ರೋಗ್ರಾಂ ಎಲ್ಲಿಂದಲೋ ತುಣುಕುಗಳನ್ನು ತಂದು ಆ ಮೂಲೆಗೆ ಸುರಿಯುತ್ತಿರುತ್ತದೆ. ಆ ಎಲ್ಲಿಂದಲೋ ಎಂಬುದೇ ಬೇಕಾದದ್ದು.

ಗಮನಿಸುವ ಉಪಕರಣಗಳು

ತಂತಿಯ ಮೇಲೆ ಹೋಗುವ ಪ್ಯಾಕೆಟುಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಎಂಬ ಪ್ರೋಗ್ರಾಂ 1980ರ ದಶಕದ ಕೊನೆಗೆ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿತು. ವ್ಯಾನ್ ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಅದರ ಕರ್ತೃಗಳು. ಎಲ್ಲ ಪ್ಯಾಕೆಟುಗಳನ್ನೂ ಮೇಲಕ್ಕೆ ತಂದು ಆಮೇಲೆ ಆರಿಸುವ ಬದಲು, ಬೇಡದ್ದನ್ನು ಕಾರ್ಯವ್ಯವಸ್ಥೆಯ ಒಳಗೇ ಜರಡಿ ಹಿಡಿಯುವ ಉಪಾಯವನ್ನು ಮೆಕ್ಯಾನ್ ಮತ್ತು ಜೇಕಬ್ಸನ್ 1993ರಲ್ಲಿ ವಿವರಿಸಿದರು. ಆ ಜರಡಿ ಇಂದಿಗೂ ಬಳಕೆಯಲ್ಲಿದೆ. 1998ರಲ್ಲಿ ಕಾನ್ಸಾಸ್ ಸಿಟಿಯ ಜೆರಾಲ್ಡ್ ಕೂಂಬ್ಸ್ ಈಥರಿಯಲ್ ಎಂಬ, ಕಿಟಕಿ ಮತ್ತು ಬಣ್ಣಗಳಿರುವ ಉಪಕರಣವನ್ನು ಬಿಡುಗಡೆ ಮಾಡಿದರು. ಹೆಸರಿನ ಹಕ್ಕು ಅವರು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲೇ ಉಳಿದದ್ದರಿಂದ 2006ರಲ್ಲಿ ಅದು ವೈರ್‌ಶಾರ್ಕ್ ಆಯಿತು. ಟಿಸಿಪಿಡಂಪ್, ವೈರ್‌ಶಾರ್ಕ್ ಎರಡೂ ಉಚಿತ, ಎರಡರ ಮೂಲವೂ ತೆರೆದದ್ದು. ಎಂಜಿನಿಯರಿಂಗ್ ಕಾಲೇಜುಗಳ ನೆಟ್‌ವರ್ಕ್ ಪ್ರಯೋಗಾಲಯದಲ್ಲಿ ಓದಿದವರಿಗೆ ವೈರ್‌ಶಾರ್ಕ್ ಹಳೆಯ ಗೆಳೆಯ.

ಸಾಮಾನ್ಯ ಕೇಳುಗರಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದು ಅಪರೂಪ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಯಾವುದೇ ಬ್ರೌಸರಿನಲ್ಲಿ ಎಫ್12 ಒತ್ತಿದರೆ ಡೆವಲಪರ್ ಟೂಲ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ 'ನೆಟ್‌ವರ್ಕ್' ಎಂಬ ಪುಟವಿದೆ. ಬ್ರೌಸರು ಕಳಿಸಿದ ಪ್ರತಿ ಬೇಡಿಕೆಗೂ ಅಲ್ಲಿ ಒಂದು ಸಾಲು: ಹೆಸರು, ಉತ್ತರದ ಸ್ಥಿತಿ, ಬಗೆ, ಗಾತ್ರ, ಹಿಡಿದ ಹೊತ್ತು. ಜಾಲತಾಣ ಕಟ್ಟುವವರಿಗಾಗಿ ಮಾಡಿದ ಉಪಕರಣ ಇದು. ಆದರೆ ಸ್ಟ್ರೀಮು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಪ್ಯಾಕೆಟು ತಂತಿಗೆ ಇಳಿಯುವ ಮೊದಲೇ, ಎನ್‌ಕ್ರಿಪ್ಟ್ ಆಗುವ ಮುನ್ನವೇ ಬೇಡಿಕೆಯನ್ನು ತೋರಿಸಿಬಿಡುತ್ತದೆ.

ಒಂದು ಬಾನುಲಿಯ ಪುಟವನ್ನು ಎದುರಿಗಿಟ್ಟುಕೊಂಡರೆ ಕೆಲಸ ನಡೆಯುವುದು ಹೀಗೆ. ಮೊದಲು ನೆಟ್‌ವರ್ಕ್ ಪುಟ ತೆರೆಯಬೇಕು, ಆಮೇಲೆ ಪ್ಲೇ ಒತ್ತಬೇಕು. ಈ ಅನುಕ್ರಮ ತಪ್ಪಿದರೆ ಮುಖ್ಯವಾದ ಬೇಡಿಕೆ ದಾಖಲಾಗದೆ ಹೋಗುತ್ತದೆ, ಆಗ ಬಾನುಲಿಯ ಪುಟವನ್ನು ಮತ್ತೆ ತೆರೆಯಬೇಕು. ಪುಟ ತೆರೆದ ಕೂಡಲೇ ನೂರಾರು ಸಾಲುಗಳು ಉರುಳುತ್ತವೆ: ಚಿತ್ರಗಳು, ಅಕ್ಷರವಿನ್ಯಾಸಗಳು, ಜಾಹೀರಾತು, ಓದುಗರ ಲೆಕ್ಕವಿಡುವ ಸಣ್ಣಪುಟ್ಟ ಕರೆಗಳು. ಅವೆಲ್ಲ ಬಂದು ನಿಂತ ಮೇಲೆ ಪಟ್ಟಿಯನ್ನು ಅಳಿಸಿ, ಖಾಲಿಯಾದ ಪಟ್ಟಿಯ ಎದುರು ಪ್ಲೇ ಒತ್ತಿದರೆ ನಂತರ ಬರುವ ಹತ್ತಿಪ್ಪತ್ತು ಸಾಲುಗಳಲ್ಲೇ ಉತ್ತರವಿರುತ್ತದೆ. 'ಮೀಡಿಯಾ' ಎಂಬ ಜರಡಿ ಒತ್ತಿದರೆ ಇನ್ನೂ ಕಡಿಮೆ. ಆದರೆ ಎಚ್‌ಎಲ್‌ಎಸ್ ತುಣುಕುಗಳು ಎಷ್ಟೋ ಸಲ ಆ ಜರಡಿಗೆ ಬೀಳದೆ 'ಎಕ್ಸ್‌ಎಚ್‌ಆರ್' ಅಥವಾ 'ಫೆಚ್' ಎಂಬ ಹೆಸರಿನಡಿ ಸೇರಿಕೊಂಡಿರುತ್ತವೆ. ಹಾಗಾಗಿ ಹುಡುಕುವ ಪೆಟ್ಟಿಗೆಯಲ್ಲಿ 'ಎಂ3ಯು' ಎಂದು ಟೈಪ್ ಮಾಡಿ ನೋಡುವುದು ಅನುಭವಸ್ಥರ ರೂಢಿ.

ಹೆಸರಿಗಿಂತ ಲಯ ಹೆಚ್ಚು ಹೇಳುತ್ತದೆ. ಚಿತ್ರವಾದರೆ ಒಂದು ಸಲ ಬಂದು ಮುಗಿಯುತ್ತದೆ. ಸ್ಟ್ರೀಮಿನ ನಡೆ ಬೇರೆ. ಶೌಟ್‌ಕಾಸ್ಟ್ ಬಗೆಯದಾದರೆ ಒಂದೇ ಸಾಲು ಮುಗಿಯದೆ ನಿಂತಿರುತ್ತದೆ, ಅದರ ಗಾತ್ರ ಮಾತ್ರ ಏರುತ್ತಲೇ ಹೋಗುತ್ತದೆ. 128 ಕಿಲೋಬಿಟ್ಟಿನ ಎಂಪಿ3 ಎಂದರೆ ಸೆಕೆಂಡಿಗೆ 16,000 ಬೈಟ್. ನಿಮಿಷಕ್ಕೆ ಸುಮಾರು ಒಂದು ಎಂಬಿ, ಗಂಟೆಗೆ 57.6 ಎಂಬಿ. ಎಚ್‌ಎಲ್‌ಎಸ್ ಆದರೆ ಮಗ್ಗದ ಲಾಳಿಯಂತೆ ಹೊತ್ತುಹೊತ್ತಿಗೆ ಹೊಸ ಸಾಲು ಬೀಳುತ್ತದೆ. ಪ್ರತಿ ಆರು ಅಥವಾ ಹತ್ತು ಸೆಕೆಂಡಿಗೊಮ್ಮೆ ಒಂದು ಸಣ್ಣ ಪಟ್ಟಿ, ಅದರ ಹಿಂದೆಯೇ ಒಂದು ದೊಡ್ಡ ತುಣುಕು. 64 ಕಿಲೋಬಿಟ್ಟಿನ ದನಿಯ ಹತ್ತು ಸೆಕೆಂಡಿನ ತುಣುಕು ಹೆಚ್ಚುಕಡಿಮೆ 80,000 ಬೈಟ್ ಇರಬೇಕು. ಹಾಗೆಯೇ ಇದ್ದರೆ ಅನುಮಾನ ಉಳಿಯುವುದಿಲ್ಲ. ಪಾಜ್ ಒತ್ತಿದಾಗ ಸಾಲುಗಳು ನಿಂತು ಪ್ಲೇ ಒತ್ತಿದಾಗ ಮತ್ತೆ ಆರಂಭವಾದರೆ ಅದೇ ಎಂದು ಖಾತ್ರಿ.

ಸಿಕ್ಕ ಸಾಲನ್ನು ಓದುವುದು

ಶೌಟ್‌ಕಾಸ್ಟ್ ಮತ್ತು ಅದರ ಮುಕ್ತ ಸೋದರ ಐಸ್‌ಕಾಸ್ಟ್‌ನ ಉತ್ತರಗಳಲ್ಲಿ 'ಐಸಿವೈ' ಎಂದು ಆರಂಭವಾಗುವ ಸಾಲುಗಳಿರುತ್ತವೆ. 'ಐ ಕ್ಯಾನ್ ಯೆಲ್', ನಾನು ಕೂಗಬಲ್ಲೆ ಎಂಬುದರ ಮೊದಲಕ್ಷರಗಳು ಅವು. ಶೌಟ್‌ಕಾಸ್ಟ್‌ಗೆ ಮೊದಲಿಟ್ಟ ಹೆಸರಿನ ಉಳಿಕೆ. ಕೇಂದ್ರದ ಹೆಸರು, ಪ್ರಕಾರ, ಬಿಟ್ ದರ ಎಲ್ಲ ಅಲ್ಲಿ ಸಾದಾ ಅಕ್ಷರಗಳಲ್ಲಿ ಬರೆದಿರುತ್ತದೆ. ಈಗ ಹಾಡುತ್ತಿರುವ ಹಾಡಿನ ಹೆಸರು ಪ್ಲೇಯರಿನಲ್ಲಿ ಮೂಡುವ ಬಗೆ ಇನ್ನೂ ಸೊಗಸು. ಪ್ಲೇಯರು ತನ್ನ ಬೇಡಿಕೆಯಲ್ಲಿ ವಿವರವೂ ಬೇಕು ಎಂದು ಕೇಳಿದರೆ, ಸರ್ವರು ಎಷ್ಟು ಬೈಟಿಗೊಮ್ಮೆ ಕೊಡುತ್ತೇನೆಂದು ಮೊದಲೇ ತಿಳಿಸುತ್ತದೆ. ಅನೇಕ ಕಡೆ ಆ ಸಂಖ್ಯೆ 16,000. ಅಷ್ಟು ಬೈಟ್ ದನಿಯಾದ ಮೇಲೆ ಬರುವ ಒಂದು ಬೈಟು ದನಿಯಲ್ಲ, ಅಳತೆ. ಅದನ್ನು 16ರಿಂದ ಗುಣಿಸಿದರೆ ಎಷ್ಟು ಬರುತ್ತದೋ ಅಷ್ಟು ಬೈಟುಗಳಲ್ಲಿ ಹಾಡಿನ ಹೆಸರಿದೆ ಎಂದರ್ಥ. ಅಳತೆ 4 ಆದರೆ 64 ಬೈಟ್. ಹಾಡು ಬದಲಾಗದಿದ್ದರೆ ಅಳತೆ ಸೊನ್ನೆ, ದನಿ ಮುಂದುವರಿಯುತ್ತದೆ. 128 ಕಿಲೋಬಿಟ್ಟಿನ ಸ್ಟ್ರೀಮಿನಲ್ಲಿ 16,000 ಬೈಟ್ ಎಂದರೆ ಸರಿಯಾಗಿ ಒಂದು ಸೆಕೆಂಡ್. ಒಂದು ರಾಗದ ಆಲಾಪನೆ ನಡೆದಿರುವಷ್ಟು ಹೊತ್ತೂ ಸೆಕೆಂಡಿಗೊಮ್ಮೆ ಆ ಸೊನ್ನೆ ದನಿಯ ನಡುವೆ ಬಂದು ಹೋಗುತ್ತಿರುತ್ತದೆ, ಕಿವಿಗೆ ಗೊತ್ತೇ ಆಗದಂತೆ. ಈ ಏರ್ಪಾಟನ್ನು ಅರಿಯದ ಪ್ರೋಗ್ರಾಂ ಹೆಸರಿನ ಬೈಟುಗಳನ್ನೂ ದನಿಯೆಂದೇ ಹಾಡಿಸಲು ಹೋದರೆ ಚಟ್ ಚಟ್ ಎಂಬ ಸದ್ದು ಬರುತ್ತದೆ.

ಎಚ್‌ಎಲ್‌ಎಸ್ ವಿಳಾಸ 'ಎಂ3ಯು8' ಎಂದು ಮುಗಿಯುತ್ತದೆ. ಹಳೆಯ ಎಂ3ಯು ಪಟ್ಟಿಯೇ ಅದು. ಕೊನೆಯ 8 ಯುಟಿಎಫ್-8 ಅಕ್ಷರ ಸಂಕೇತದ್ದು. ಇಂಥ ಪಟ್ಟಿಗಳಲ್ಲಿ ಎರಡು ಹಂತ. ಮೇಲಿನ ಹಂತದ ಪಟ್ಟಿಯಲ್ಲಿ ಒಂದೇ ಕಾರ್ಯಕ್ರಮದ ಬೇರೆ ಬೇರೆ ಗುಣಮಟ್ಟಗಳ ವಿಳಾಸಗಳಿರುತ್ತವೆ, ಪ್ರತಿಯೊಂದಕ್ಕೂ ಸೆಕೆಂಡಿಗೆ ಎಷ್ಟು ಬಿಟ್ ಬೇಕೆಂಬ ಲೆಕ್ಕವಿರುತ್ತದೆ. ಪ್ಲೇಯರು ತನ್ನ ಜಾಲದ ವೇಗ ನೋಡಿಕೊಂಡು ಒಂದನ್ನು ಆರಿಸುತ್ತದೆ. ಕೆಳಗಿನ ಹಂತದ ಪಟ್ಟಿಯಲ್ಲಿ ಇತ್ತೀಚಿನ ಕೆಲವೇ ತುಣುಕುಗಳ ಹೆಸರುಗಳು. ನೇರ ಪ್ರಸಾರದಲ್ಲಿ ಈ ಪಟ್ಟಿ ಸರಿಯುತ್ತಲೇ ಇರುತ್ತದೆ: ಮೇಲಿನ ಸಾಲು ಉದುರುತ್ತದೆ, ಕೆಳಗೆ ಹೊಸದು ಸೇರುತ್ತದೆ. ಸಂಚಾರ ಗಮನಿಸುವವರು ಹಿಡಿಯಬೇಕಾದದ್ದು ಮೇಲಿನ ಹಂತದ ವಿಳಾಸವನ್ನು. ಅವಸರದಲ್ಲಿ ತುಣುಕಿನ ವಿಳಾಸವನ್ನೇ ನಕಲು ಮಾಡಿಕೊಂಡವರಿಗೆ ಹತ್ತು ಸೆಕೆಂಡಿನ ವಾರ್ತೆ ಮಾತ್ರ ದಕ್ಕುತ್ತದೆ.

ಪ್ಲೇಯರು ನೇರ ಪ್ರಸಾರವನ್ನು ಪಟ್ಟಿಯ ತುದಿಯಿಂದ ಮೂರು ತುಣುಕಿನಷ್ಟು ಹಿಂದಿನಿಂದ ಆರಂಭಿಸಬೇಕೆಂಬ ನಿಯಮ 2017ರಲ್ಲಿ ಪ್ರಕಟವಾದ ಎಚ್‌ಎಲ್‌ಎಸ್ ವಿವರಣೆಯಲ್ಲಿದೆ. ತುಣುಕು ಹತ್ತು ಸೆಕೆಂಡಿನದಾದರೆ ದನಿ ಕಡಿಮೆಯೆಂದರೂ ಅರ್ಧ ನಿಮಿಷ ತಡ. ಪಕ್ಕದ ಮನೆಯ ಟ್ರಾನ್ಸಿಸ್ಟರ್‌ನಲ್ಲಿ ವಿಕೆಟ್ ಬಿದ್ದು ಕೂಗೆದ್ದಾಗ ಮೊಬೈಲಿನ ವೀಕ್ಷಕ ವಿವರಣೆಗಾರ ಇನ್ನೂ ಬೌಲರ್ ಓಡಿಬರುವುದನ್ನೇ ಹೇಳುತ್ತಿರುತ್ತಾನೆ, ಕಾರಣ ಇದು.

ಡ್ಯಾಶ್‌ನಲ್ಲಿ ಪಟ್ಟಿಯ ಬದಲು 'ಎಂಪಿಡಿ' ಎಂಬ ಕಡತವಿದ್ದು, ತುಣುಕುಗಳ ಹೆಸರು ಕಟ್ಟುವ ಸೂತ್ರವನ್ನು ಅದು ಹೇಳುತ್ತದೆ. ವಿಡಿಯೊ ಕರೆಗಳಿಗೆ ಬಳಸುವ ವೆಬ್‌ಆರ್‌ಟಿಸಿಯಲ್ಲಿ ಇಂಥ ಒಂದು ಸಾಲಿನ ವಿಳಾಸವೇ ಇಲ್ಲ; ಪ್ರತಿ ಸಲವೂ ಎರಡು ತುದಿಗಳು ಮಾತಾಡಿಕೊಂಡು ದಾರಿ ಕಟ್ಟಿಕೊಳ್ಳುತ್ತವೆ.

ಬೀಗ ಬಿದ್ದ ತಂತಿ

ಹಿಂದೆ ವೈರ್‌ಶಾರ್ಕ್ ಹಚ್ಚಿದರೆ ಎಲ್ಲವೂ ತೆರೆದ ಅಂಚೆ ಕಾರ್ಡಿನಂತೆ ಕಾಣುತ್ತಿತ್ತು. ಈಗ ಬಹುಪಾಲು ಸಂಚಾರ ಎಚ್‌ಟಿಟಿಪಿಎಸ್‌ನಲ್ಲಿ, ಲಕೋಟೆಯೊಳಗೆ ಹೋಗುತ್ತದೆ. ಲಕೋಟೆಯ ಮೇಲೆ ಕಾಣುವುದು ಸರ್ವರಿನ ಹೆಸರು ಮಾತ್ರ: ಹೆಸರಿಗೆ ಸಂಖ್ಯೆ ಕೇಳುವ ಡಿಎನ್‌ಎಸ್ ಪ್ರಶ್ನೆಯಲ್ಲಿ ಒಮ್ಮೆ, ಸಂಪರ್ಕದ ಮೊದಲ ಮಾತಿನಲ್ಲಿ ಇನ್ನೊಮ್ಮೆ. ಒಳಗಿನ ದಾರಿ, ಅಂದರೆ ವಿಳಾಸದ ಉಳಿದರ್ಧ, ಕಾಣುವುದಿಲ್ಲ. ನಾಗರಿಕರ ಗೋಪ್ಯತೆಯ ದೃಷ್ಟಿಯಿಂದ ಇದು ಆಗಲೇಬೇಕಿದ್ದ ಬದಲಾವಣೆ. ಸ್ವಂತ ಕಂಪ್ಯೂಟರಿನ ಸ್ವಂತ ಸಂಚಾರವನ್ನು ನೋಡುವುದಕ್ಕೆ ಅದು ಅಡ್ಡಿಯೂ ಅಲ್ಲ. ಬ್ರೌಸರಿನ ನೆಟ್‌ವರ್ಕ್ ಪುಟ ಲಕೋಟೆ ಅಂಟಿಸುವ ಮೊದಲಿನದನ್ನೇ ತೋರಿಸುತ್ತದೆ. ಫೈರ್‌ಫಾಕ್ಸ್ ಮತ್ತು ಕ್ರೋಮ್‌ಗೆ ಸೂಚಿಸಿದರೆ ಅವು ತಮ್ಮ ಸಂಪರ್ಕಗಳ ಕೀಲಿಗಳನ್ನು ಒಂದು ಕಡತಕ್ಕೆ ಬರೆದಿಡುತ್ತವೆ. ಆ ಕಡತ ಕೊಟ್ಟರೆ ವೈರ್‌ಶಾರ್ಕ್ ಕೂಡ ಓದಬಲ್ಲದು. ಕೆಲಸ ಮುಗಿದ ಮೇಲೆ ಅದನ್ನು ಅಳಿಸಬೇಕು, ಬ್ಯಾಂಕಿನ ಪುಟದ ಕೀಲಿಯೂ ಅದರಲ್ಲೇ ಕೂತಿರಬಹುದು.

ಮೊಬೈಲಿನ ಆ್ಯಪ್ ಇನ್ನೂ ಬಿಗಿ. ಮಿಟ್‌ಮ್‌ಪ್ರಾಕ್ಸಿ, ಚಾರ್ಲ್ಸ್, ಫಿಡ್ಲರ್‌ನಂಥ ಉಪಕರಣಗಳು ಫೋನು ಮತ್ತು ಸರ್ವರಿನ ನಡುವೆ ದುಭಾಷಿಯಂತೆ ನಿಲ್ಲುತ್ತವೆ. ಅದಕ್ಕಾಗಿ ಫೋನಿನಲ್ಲಿ ಅವುಗಳ ಪ್ರಮಾಣಪತ್ರ ಹಾಕಬೇಕು. 2016ರ ಆಂಡ್ರಾಯ್ಡ್ 7ರಿಂದ ಈಚೆಗೆ, ಬಳಕೆದಾರರು ತಾವಾಗಿ ಹಾಕಿದ ಪ್ರಮಾಣಪತ್ರವನ್ನು ಆ್ಯಪ್‌ಗಳು ಸಹಜವಾಗಿ ನಂಬುವುದಿಲ್ಲ. ಬಾನುಲಿಯ ಮಟ್ಟಿಗೆ ಈ ಸೆಣಸಾಟ ಅನಗತ್ಯ. ಆ್ಯಪ್‌ನ ಸ್ಟ್ರೀಮೇ ಬಹಳ ಸಲ ಅದೇ ಸಂಸ್ಥೆಯ ಜಾಲತಾಣದಲ್ಲೂ ಇರುತ್ತದೆ, ಬ್ರೌಸರಿನಲ್ಲಿ ನೋಡಿದರಾಯಿತು.

ಲಕೋಟೆಯೊಳಗಿನದು ಕಾಣದಿದ್ದರೂ ಲಯ ಕಾಣುತ್ತದೆ. ತುಣುಕುಗಳ ಗಾತ್ರ ಮತ್ತು ನಡುವಿನ ಅಂತರಗಳಿಂದಲೇ, ಎನ್‌ಕ್ರಿಪ್ಟ್ ಆದ ಸಂಚಾರದಲ್ಲಿ ಯಾವ ವಿಡಿಯೊ ಓಡುತ್ತಿದೆಯೆಂದು ಗುರುತಿಸಬಹುದು ಎಂಬುದನ್ನು ಷುಸ್ಟರ್, ಶ್ಮಾಟಿಕೋವ್ ಮತ್ತು ಟ್ರೋಮರ್ ಎಂಬ ಸಂಶೋಧಕರು 2017ರಲ್ಲಿ ತೋರಿಸಿದರು. ಕೇಳುಗರಿಗೆ ನೆರವಾಗುವ ಲಕ್ಷಣವೇ ಕದ್ದುನೋಡುವವರ ಕೈಗೂ ಒದಗುತ್ತದೆ. ಇದು ಆತಂಕದ ವಿಷಯ.

ಕ್ಯಾಮೆರಾದ ವಿಳಾಸ

ಬಾನುಲಿಯಷ್ಟೇ ಜನ ಹುಡುಕುವ ಇನ್ನೊಂದು ವಿಳಾಸ ಸಿಸಿಟಿವಿಯದು. ಕಿರಾಣಿ ಅಂಗಡಿಯಲ್ಲಿ, ಅಡಿಕೆ ತೋಟದ ಗೋದಾಮಿನಲ್ಲಿ ಕ್ಯಾಮೆರಾ ಹಾಕಿಸಿದವರಿಗೆ ಕಂಪನಿಯ ಸಾಫ್ಟ್‌ವೇರ್ ಬಿಟ್ಟು ಬೇರೆ ಪರದೆಯಲ್ಲಿ ಚಿತ್ರ ಬೇಕಾಗುತ್ತದೆ. ಹಾಕಿಕೊಟ್ಟವನ ಫೋನ್ ಹತ್ತುವುದಿಲ್ಲ, ಕೈಪಿಡಿ ಕಳೆದಿರುತ್ತದೆ. ಇಲ್ಲಿ ವೈರ್‌ಶಾರ್ಕ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮನೆಯೊಳಗಿನ ಜಾಲದಲ್ಲಿ ಕ್ಯಾಮೆರಾಗಳು ಚಿತ್ರವನ್ನು ಸಾಮಾನ್ಯವಾಗಿ ಆರ್‌ಟಿಎಸ್‌ಪಿ ಎಂಬ ಪದ್ಧತಿಯಲ್ಲಿ, 554ನೇ ಪೋರ್ಟಿನಲ್ಲಿ ಕೊಡುತ್ತವೆ. 1998ರಲ್ಲಿ ರೂಪುಗೊಂಡ ಈ ಪದ್ಧತಿಯ ಮಾತುಗಳು ಓದಲು ಬರುವ ಇಂಗ್ಲಿಷ್ ಪದಗಳು: ಏನೇನು ಮಾಡಬಲ್ಲೆ ಎಂದು ಕೇಳಲು 'ಆಪ್ಷನ್ಸ್', ಚಿತ್ರದ ವಿವರ ಕೇಳಲು 'ಡಿಸ್ಕ್ರೈಬ್', ದಾರಿ ಸಿದ್ಧಪಡಿಸಲು 'ಸೆಟಪ್', ಆಮೇಲೆ 'ಪ್ಲೇ', ಕೊನೆಗೆ 'ಟೇರ್‌ಡೌನ್'. ಡಿಸ್ಕ್ರೈಬ್ ಪದದ ಪಕ್ಕದಲ್ಲೇ ಪೂರ್ತಿ ವಿಳಾಸ ಇರುತ್ತದೆ.

ಪ್ಯಾಕೆಟು ಹಿಡಿಯಬೇಕಾದದ್ದು ಕಂಪನಿಯ ಸಾಫ್ಟ್‌ವೇರ್ ಓಡುತ್ತಿರುವ ಕಂಪ್ಯೂಟರಿನಲ್ಲೇ. ಈಗಿನ ಸ್ವಿಚ್ಚುಗಳು ಯಾರ ಪ್ಯಾಕೆಟನ್ನು ಅವರ ತಂತಿಗಷ್ಟೇ ಕಳಿಸುವುದರಿಂದ ಪಕ್ಕದ ಕಂಪ್ಯೂಟರಿನಲ್ಲಿ ಕೂತರೆ ಏನೂ ಕಾಣದು. ಜರಡಿಯಲ್ಲಿ ಆರ್‌ಟಿಎಸ್‌ಪಿ ಎಂದು ಬರೆದು ಕ್ಯಾಮೆರಾ ತೆರೆದರೆ ಐದಾರು ಸಾಲುಗಳಲ್ಲಿ ಕೆಲಸ ಮುಗಿಯುತ್ತದೆ. ದಾರಿಯ ಭಾಗ ಕಂಪನಿಯಿಂದ ಕಂಪನಿಗೆ ಬೇರೆ. ಒಂದರಲ್ಲಿ 101 ಎಂದರೆ ಮೊದಲ ಕ್ಯಾಮೆರಾದ ದೊಡ್ಡ ಚಿತ್ರ, 102 ಎಂದರೆ ಅದೇ ಕ್ಯಾಮೆರಾದ ಸಣ್ಣ ಚಿತ್ರ. ಇನ್ನೊಂದರಲ್ಲಿ ಚಾನೆಲ್ ಸಂಖ್ಯೆಯನ್ನೂ ಉಪಬಗೆಯನ್ನೂ ಬೇರೆಬೇರೆಯಾಗಿ ಬರೆಯಬೇಕು. ಈ ಗೊಂದಲ ಕಳೆಯಲು 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಕೂಡಿ ಆನ್ವಿಫ್ ಒಕ್ಕೂಟ ಕಟ್ಟಿದವು. ಅದನ್ನು ಪಾಲಿಸುವ ಕ್ಯಾಮೆರಾ, ಕೇಳಿದರೆ ತನ್ನ ಸ್ಟ್ರೀಮಿನ ವಿಳಾಸವನ್ನು ತಾನೇ ಹೇಳುತ್ತದೆ.

ಇದೇ ನೋಟದಲ್ಲಿ ಇನ್ನೊಂದೂ ಕಾಣಸಿಗುತ್ತದೆ. ಸಾದಾ ಬಗೆಯ ಗುರುತುಪರೀಕ್ಷೆಯಲ್ಲಿ ಪಾಸ್‌ವರ್ಡು ಬೇಸ್64 ರೂಪದಲ್ಲಿ ಹೋಗುತ್ತದೆ. ಅದು ಬೀಗವಲ್ಲ, ಬರೀ ಬೇರೆ ಲಿಪಿ, ಕ್ಷಣದಲ್ಲಿ ಓದಬಹುದು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ ಕ್ಯಾಮೆರಾಗಳನ್ನೂ ರೆಕಾರ್ಡರ್‌ಗಳನ್ನೂ ವಶಪಡಿಸಿಕೊಂಡ ಮಿರಾಯ್ ಎಂಬ ಕುತಂತ್ರಾಂಶ 2016ರ ಅಕ್ಟೋಬರಿನಲ್ಲಿ ಅಮೆರಿಕದ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಕೈಗೆಟುಕದಂತೆ ಮಾಡಿತ್ತು.

ಬಾಳಿಕೆ, ಕಾನೂನು

ಸಿಕ್ಕ ವಿಳಾಸಗಳೆಲ್ಲ ಬಾಳುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ನಂತರ ಉದ್ದನೆಯ ಅಕ್ಷರ-ಅಂಕಿಗಳ ಬಾಲವಿದ್ದರೆ ಅದು ಹೆಚ್ಚಾಗಿ ಸಮಯಮಿತಿಯ ಚೀಟಿ. ಕೆಲವು ಗಂಟೆಗಳಲ್ಲಿ ಅವಧಿ ಮುಗಿದು ಸರ್ವರು 403 ಎಂದು ಬಾಗಿಲು ಹಾಕುತ್ತದೆ. ಬಾಲ ಕಡಿದರೂ ಹಾಡಿದರೆ ಆ ವಿಳಾಸ ಬಾಳುವ ಸಂಭವ ಹೆಚ್ಚು. ಕೆಲವು ಸರ್ವರುಗಳು ಬೇಡಿಕೆ ಯಾವ ಪುಟದಿಂದ ಬಂತೆಂದು ನೋಡುತ್ತವೆ, ಕೆಲವು ಯಾವ ದೇಶದಿಂದ ಎಂದು. ಚೀಟಿ ಅಂಟಿಸಿದವರು ಸ್ಟ್ರೀಮನ್ನು ಹೊರಗೆ ಕೊಡಲು ಇಷ್ಟಪಟ್ಟಿಲ್ಲ ಎಂಬುದು ಸ್ಪಷ್ಟ. ಆ ಇಷ್ಟವನ್ನು ಗೌರವಿಸುವುದೇ ಸರಿ.

ಹಣ ಕೊಟ್ಟು ನೋಡುವ ಸಿನಿಮಾ, ಕ್ರೀಡೆಗಳ ವಿಷಯವೇ ಬೇರೆ. ಅಲ್ಲಿ ತುಣುಕುಗಳೇ ಬೀಗ ಹಾಕಿ ಬರುತ್ತವೆ, ಕೀಲಿಯನ್ನು ವೈಡ್‌ವೈನ್‌ನಂಥ ವ್ಯವಸ್ಥೆ ಕಾಯುತ್ತದೆ. ವಿಳಾಸ ಕಂಡರೂ ಚಿತ್ರ ಕಾಣದು. ಹಕ್ಕು ಕಾಯುವ ಇಂಥ ತಾಂತ್ರಿಕ ರಕ್ಷಣೆಯನ್ನು ಹಕ್ಕಿಗೆ ಚ್ಯುತಿ ತರುವ ಉದ್ದೇಶದಿಂದ ಭೇದಿಸಿದರೆ, ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನಂತೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೋ ಜಾಲಕ್ಕೋ ನುಗ್ಗಿ ಮಾಹಿತಿ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ವ್ಯಾಪ್ತಿಗೆ ಬರುತ್ತದೆ. ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಸ್ಟೆಲಿನ, ಕಚೇರಿಯ, ಹೋಟೆಲಿನ ವೈಫೈಯಲ್ಲಿ ಇತರರ ಪ್ಯಾಕೆಟು ಹಿಡಿಯಲು ಕೂರುವುದು ಈ ಲೇಖನದ ವಿಷಯದಿಂದ ಪೂರ್ತಿ ಹೊರಗಿನದು. ತನ್ನ ಯಂತ್ರ, ತನ್ನ ಸಂಚಾರ, ಎಲ್ಲರಿಗಾಗಿ ಬಿಟ್ಟ ಪ್ರಸಾರ: ಇವು ಮೂರೂ ಕೂಡಿದ ಕಡೆ ಅಳುಕಬೇಕಾದ್ದಿಲ್ಲ.

ವಿಳಾಸವನ್ನು ಪರೀಕ್ಷಿಸಲು ವಿಎಲ್‌ಸಿ ಸಾಕು. ಪ್ಯಾರಿಸ್ಸಿನ ಎಕೋಲ್ ಸಾಂಟ್ರಾಲ್‌ನ ವಿದ್ಯಾರ್ಥಿಗಳ ಯೋಜನೆಯಾಗಿ 1996ರಲ್ಲಿ ಆರಂಭವಾಗಿ, 2001ರಿಂದ ಮುಕ್ತ ತಂತ್ರಾಂಶವಾಗಿರುವ ಈ ಪ್ಲೇಯರಿನಲ್ಲಿ ಕಂಟ್ರೋಲ್-ಎನ್ ಒತ್ತಿ, ಸಾಲನ್ನು ಅಂಟಿಸಿ ಪ್ಲೇ ಕೊಟ್ಟರೆ ದನಿ ಬರಬೇಕು. ಬಂದರೆ ಬ್ರೌಸರನ್ನು ಪೂರ್ತಿ ಮುಚ್ಚಿ ಇನ್ನೊಮ್ಮೆ ನೋಡಬೇಕು, ಮರುದಿನ ಮತ್ತೊಮ್ಮೆ. ಮೂರು ಸಲವೂ ಹಾಡಿದ ವಿಳಾಸವನ್ನು ನೋಟ್‌ಪ್ಯಾಡಿನಲ್ಲಿ ಬರೆದಿಡಬಹುದು: ಮೊದಲ ಸಾಲಿನಲ್ಲಿ ಇದು ಎಂ3ಯು ಪಟ್ಟಿಯೆಂಬ ಗುರುತು, ಎರಡನೆಯದರಲ್ಲಿ ಅವಧಿಯ ಜಾಗಕ್ಕೆ -1 ಮತ್ತು ಅಲ್ಪವಿರಾಮದ ನಂತರ 'ಧಾರವಾಡ' ಎಂಬ ಹೆಸರು, ಮೂರನೆಯದರಲ್ಲಿ ವಿಳಾಸ. ಕಡತವನ್ನು ಎಂ3ಯು ಬಾಲದೊಂದಿಗೆ ಉಳಿಸಿದರೆ ವಿಎಲ್‌ಸಿಯೂ ಟಿವಿಗೆ ಸಿಕ್ಕಿಸುವ ಅನೇಕ ಪೆಟ್ಟಿಗೆಗಳೂ ವಿಳಾಸ ತುಂಬಲು ಅವಕಾಶವಿರುವ ಇಂಟರ್‌ನೆಟ್ ರೇಡಿಯೊಗಳೂ ಅದನ್ನು ಓದುತ್ತವೆ. ಕೇಂದ್ರದವರು ಸರ್ವರು ಬದಲಿಸಿದ ದಿನ ಮತ್ತೊಮ್ಮೆ ಎಫ್12 ಒತ್ತಿ, ಮೂರನೆಯ ಸಾಲೊಂದನ್ನು ಬದಲಿಸಿದರಾಯಿತು. ಅಡುಗೆಮನೆಯ ಪೆಟ್ಟಿಗೆಯ ಮೇಲೆ ಒತ್ತಬೇಕಾದ ಗುಂಡಿ ಹಿಂದಿನದೇ.